8ನೇ ಕ್ಲಾಸ್ ಮಗಳ ಹೈಸ್ಕೂಲ್ ಪ್ಲ್ಯಾನ್: 4 ವರ್ಷದ 24 ಮನೆ ತುಂಬಿಸುವುದು ಹೇಗೆ?

ಮಲ್ಲಿಗೆಬಳ್ಳಿ (ಬೇ ಏರಿಯಾ, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ಮಗಳು ಈಗ 8ನೇ ಕ್ಲಾಸ್. ಆಗಸ್ಟ್‌ನಿಂದ ಹೈಸ್ಕೂಲ್. ಮುಂದಿನ ಶುಕ್ರವಾರದೊಳಗೆ 9ನೇ ಕ್ಲಾಸಿನ ಕೋರ್ಸ್ ಪಟ್ಟಿ ತುಂಬಿ ಕೊಡಬೇಕು. ಜೊತೆಗೆ 4 ವರ್ಷದ ಪ್ಲ್ಯಾನ್ ಅಂತ ಇನ್ನೊಂದು ಹಾಳೆ ಕೊಟ್ಟಿದ್ದಾರೆ. ವರ್ಷಕ್ಕೆ 6 ಪೀರಿಯಡ್, 4 ವರ್ಷ, ಒಟ್ಟು 24 ಮನೆ. ನಮ್ಮ ಅಜ್ಜಿ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರ ಬರೆಯುತ್ತಿದ್ದರು. ಆ ಹಾಳೆ ನೋಡಿದ ಕೂಡಲೇ ಅದೇ ನೆನಪಾಯಿತು. ಎಲ್ಲೋ ಒಂದು ಮನೆ ತಪ್ಪಿದರೆ ಕಾಯಿ ಹಣ್ಣಾಗುವುದಿಲ್ಲ.

ಭಯ ಯಾಕೆ ಅಂದರೆ ದೊಡ್ಡ ಮಗನ ವಿಷಯದಲ್ಲಿ ಪೆಟ್ಟು ತಿಂದಿದ್ದೇವೆ. ಅವನು 10ನೇ ಕ್ಲಾಸಲ್ಲಿದ್ದಾಗ ನಮ್ಮ ಮಾವ ಊರಲ್ಲಿ ತೀರಿಕೊಂಡರು. ಆ ಆರು ತಿಂಗಳು ಮನೆಯಲ್ಲಿ ಯಾರ ಗಮನವೂ ಎಲ್ಲೂ ಇರಲಿಲ್ಲ. ಎರಡನೇ ಸೆಮಿಸ್ಟರ್ ಇಂಗ್ಲಿಷ್‌ನಲ್ಲಿ ಅವನಿಗೆ ಡಿ ಗ್ರೇಡ್ ಬಂತು. ಶಾಲೆಯವರು 5 ಕ್ರೆಡಿಟ್ ಕೊಟ್ಟರು. ಪೋರ್ಟಲ್‌ನಲ್ಲಿ ಹಸಿರು ಗುರುತು ಬಂತು. ಸದ್ಯ, ಪಾಸಾದ ಅಂದುಕೊಂಡೆವು. 12ನೇ ಕ್ಲಾಸಿನ ನವೆಂಬರ್‌ನಲ್ಲಿ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅರ್ಜಿ ತುಂಬಲು ಕೂತಾಗ ಗೊತ್ತಾಯಿತು: ಹೈಸ್ಕೂಲ್ ಡಿಪ್ಲೊಮಾಗೆ ಡಿ ಸಾಕು, ಯುಸಿಗೆ ಸಿ ಬೇಕು. ಎರಡು ವರ್ಷ ಒಬ್ಬರೂ ಹೇಳಲಿಲ್ಲ. ಅವನು ಅವತ್ತು ರಾತ್ರಿ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಈಗ ಮಗಳ ಸರದಿ. ನಮ್ಮವರು ಬಯಾಲಜಿ ಆನರ್ಸ್ (ಹೆಚ್ಚು ಕಷ್ಟದ ಮಟ್ಟ), ಜಿಯೊಮೆಟ್ರಿ, ಸ್ಪ್ಯಾನಿಷ್, ಕಂಪ್ಯೂಟರ್ ಸೈನ್ಸ್ ಎಂದು ಪೆನ್ನಿನಲ್ಲೇ ಬರೆದುಬಿಟ್ಟಿದ್ದಾರೆ. ಅವಳಿಗೆ ಸೆರಾಮಿಕ್ಸ್ (ಮಣ್ಣಿನ ಪಾತ್ರೆ ಮಾಡುವ ಕಲೆ) ಬೇಕಂತೆ. ಇಬ್ಬರೂ ಎರಡು ದಿನದಿಂದ ಮಾತಾಡುತ್ತಿಲ್ಲ. ಈ ಹಾಳೆಯನ್ನು ಎಲ್ಲಿಂದ ಶುರು ಮಾಡಬೇಕು ಹೇಳಿ.

ಹಾಸನದ ಗಾಳಿ (ಫ್ರೀಮಾಂಟ್)

ಮಗನ ಕತೆ ಓದಿ ಹೊಟ್ಟೆ ಚುರ್ ಎಂದಿತು. ಈಗ ಅವನು ಏನು ಮಾಡುತ್ತಿದ್ದಾನೆ?

ಮಲ್ಲಿಗೆಬಳ್ಳಿ

ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಅಲ್ಲಿಂದ ಯುಸಿ ಡೇವಿಸ್‌ಗೆ ಟ್ರಾನ್ಸ್‌ಫರ್ ಆದ. ಈಗ ಅಲ್ಲೇ ಮೂರನೇ ವರ್ಷ. ಚೆನ್ನಾಗಿದ್ದಾನೆ.

ಟೀಚರಮ್ಮ (ಸ್ಯಾಕ್ರಮೆಂಟೊ)

ನಾನು ಪಬ್ಲಿಕ್ ಹೈಸ್ಕೂಲಿನಲ್ಲಿ 11 ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಈ ತಪ್ಪು ಪ್ರತಿ ವರ್ಷ ನೋಡುತ್ತೇನೆ. ಹಾಳೆ ಒಂದೇ ಕಾಣುತ್ತದೆ, ಆದರೆ ಲೆಕ್ಕ ಮೂರು. ಮೂರನ್ನೂ ಬೇರೆ ಬೇರೆ ಇಟ್ಟುಕೊಳ್ಳಿ.

ಒಂದು, ರಾಜ್ಯದ ಕನಿಷ್ಠ. ಕ್ಯಾಲಿಫೋರ್ನಿಯಾದಲ್ಲಿ ಇದು ತುಂಬಾ ಕಮ್ಮಿ. ಇಂಗ್ಲಿಷ್ 3 ವರ್ಷ, ಗಣಿತ 2, ವಿಜ್ಞಾನ 2, ಸಮಾಜ 3, ಪಿಇ (ದೈಹಿಕ ಶಿಕ್ಷಣ) 2, ಜೊತೆಗೆ ಕಲೆ ಅಥವಾ ಭಾಷೆ ಅಥವಾ ವೃತ್ತಿ ಕೋರ್ಸ್ ಯಾವುದಾದರೂ 1. ಒಟ್ಟು 13.

ಎರಡು, ನಿಮ್ಮ ಶಾಲಾ ಜಿಲ್ಲೆಯ (ಊರಿನ ಶಾಲೆಗಳನ್ನು ನಡೆಸುವ ಆಡಳಿತ) ಲೆಕ್ಕ. ಅದು ಬಹುತೇಕ ರಾಜ್ಯಕ್ಕಿಂತ ಜಾಸ್ತಿ. ಸಾಮಾನ್ಯವಾಗಿ 220 ರಿಂದ 230 ಕ್ರೆಡಿಟ್ ಕೇಳುತ್ತಾರೆ, ಒಂದು ವರ್ಷದ ಕೋರ್ಸಿಗೆ 10. ಇಂಗ್ಲಿಷ್ 4 ವರ್ಷ, ಅರ್ಧ ವರ್ಷ ಹೆಲ್ತ್, ಇವೆಲ್ಲ ಜಿಲ್ಲೆ ಸೇರಿಸುವುದು. ಡಿ ಬಂದರೂ ಕ್ರೆಡಿಟ್ ಸಿಗುವುದು ಇಲ್ಲೇ.

ಮೂರು, ಯುಸಿ ಮತ್ತು ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕೇಳುವ ಎ-ಜಿ, ಅಂದರೆ ಎ ಇಂದ ಜಿ ವರೆಗೆ ಹೆಸರಿಟ್ಟ ಏಳು ವಿಷಯದ ಗುಂಪು. ಇತಿಹಾಸ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ 2, ಕಲೆ 1, ಇನ್ನೊಂದು ಐಚ್ಛಿಕ. ಒಟ್ಟು 15. ಎಲ್ಲದರಲ್ಲೂ ಸಿ ಅಥವಾ ಮೇಲೆ. ಯುಸಿಗೆ ಇದರಲ್ಲಿ 11 ಕೋರ್ಸ್ 12ನೇ ಕ್ಲಾಸಿಗೆ ಮೊದಲೇ ಮುಗಿದಿರಬೇಕು.

ಪೋರ್ಟಲ್‌ನ ಹಸಿರು ಗುರುತು ಎರಡನೇ ಲೆಕ್ಕದ್ದು. ಮೂರನೆಯದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಮಗನಿಗೆ ಆಗಿದ್ದು ಇದೇ.

ಧಾರವಾಡ ಪೇಡೆ (ಸ್ಯಾನ್ ಹೋಸೆ)

ಟೀಚರಮ್ಮ ಹೇಳಿದ್ದು ಸರಿ. ಆದರೆ ಒಂದು ಮಾತು. ನವೆಂಬರ್‌ನಲ್ಲಿ ಗೊತ್ತಾಗಿದ್ದರೂ ದಾರಿ ಇತ್ತು. ಆ ಇಂಗ್ಲಿಷ್ ಸೆಮಿಸ್ಟರ್ ಅನ್ನು ಜನವರಿಯಿಂದ ಮತ್ತೆ ಮಾಡುತ್ತೇನೆ ಎಂದು ಅರ್ಜಿಯಲ್ಲೇ ತೋರಿಸಬಹುದು. 15 ಕೋರ್ಸ್ ಮುಗಿಯಬೇಕಾದದ್ದು ಹೈಸ್ಕೂಲ್ ಮುಗಿಯುವ ಹೊತ್ತಿಗೆ, ಅರ್ಜಿ ಹಾಕುವ ಹೊತ್ತಿಗಲ್ಲ. ಯಾರೂ ಹೇಳಲಿಲ್ಲ ಅನ್ನುತ್ತೀರಿ. ನಿಯಮ ಯುಸಿ ವೆಬ್‌ಸೈಟಿನಲ್ಲೇ ಬರೆದಿದೆಯಲ್ಲ. ನಾವೇ ಓದಬೇಕಲ್ವಾ?

ಮಲ್ಲಿಗೆಬಳ್ಳಿ

ಓದಬೇಕಿತ್ತು ನಿಜ. ಆದರೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲದವರು ಏನನ್ನು ಹುಡುಕಿ ಓದಬೇಕು? ನಾನು ಓದಿದ್ದು ತುಮಕೂರಿನಲ್ಲಿ. ಪಾಸ್ ಅಂದರೆ ಪಾಸ್. ಪಾಸಾದರೂ ಲೆಕ್ಕಕ್ಕಿಲ್ಲ ಅನ್ನುವುದನ್ನು ನಾನು ಜೀವನದಲ್ಲಿ ಕೇಳಿರಲಿಲ್ಲ.

ಎರಡು ಮಕ್ಕಳ ಅಪ್ಪ (ಪ್ಲೆಸೆಂಟನ್)

ಧಾರವಾಡದವರೇ, ಸ್ವಲ್ಪ ಮೆತ್ತಗೆ. ನಮ್ಮ ಶಾಲೆಯಲ್ಲಿ ಒಬ್ಬ ಕೌನ್ಸೆಲರ್‌ಗೆ 400ಕ್ಕೂ ಜಾಸ್ತಿ ಮಕ್ಕಳು. ಕೌನ್ಸೆಲರ್‌ಗಳ ರಾಷ್ಟ್ರೀಯ ಸಂಘವೇ 250 ಮಕ್ಕಳಿಗೆ ಒಬ್ಬರು ಇರಬೇಕು ಎನ್ನುತ್ತದೆ. ವರ್ಷಕ್ಕೆ ಒಂದು ಸಲ 15 ನಿಮಿಷ ಸಿಕ್ಕರೆ ಪುಣ್ಯ. ಆ 15 ನಿಮಿಷದಲ್ಲಿ ಅವರು ನೋಡುವುದು ಮಗು ಗ್ರ್ಯಾಜುಯೇಟ್ ಆಗುತ್ತಾ, ಅಂದರೆ ಹೈಸ್ಕೂಲ್ ಮುಗಿಸುತ್ತಾ, ಇಲ್ವಾ ಅಂತ. ಅದು ಅವರ ಕೆಲಸ. ಎ-ಜಿ ನೋಡುವುದು ಮನೆಯವರ ಕೆಲಸ ಆಗಿಬಿಟ್ಟಿದೆ.

ಧಾರವಾಡ ಪೇಡೆ

ಬೈದಿದ್ದಲ್ಲ. ನೋವಾಗಿದ್ದರೆ ಕ್ಷಮಿಸಿ. ನನ್ನ ತಮ್ಮನ ಮಗನೂ ಹೀಗೇ ಸಿಕ್ಕಿಹಾಕಿಕೊಂಡಿದ್ದ, ಜನವರಿಯಲ್ಲಿ ಆನ್‌ಲೈನ್ ಮಾಡಿ ಬಚಾವಾದ. ಇನ್ನೊಬ್ಬರಿಗೆ ಉಪಯೋಗ ಆಗಲಿ ಅಂತ ಹೇಳಿದೆ.

ಹಾಸನದ ಗಾಳಿ

ಒಂದು ಸಮಾಧಾನದ ವಿಷಯ: 9ನೇ ಕ್ಲಾಸಿನ ಅಂಕ ಯುಸಿ ಲೆಕ್ಕಕ್ಕೆ ಇಲ್ಲವೇ ಇಲ್ಲ. ಆ ವರ್ಷ ಮಗು ಆರಾಮಾಗಿ ಇರಬಹುದು.

ಟೀಚರಮ್ಮ

ದಯವಿಟ್ಟು ಹೀಗೆ ಹೇಳಬೇಡಿ. ಜಿಪಿಎ (ಗ್ರೇಡ್‌ಗಳ ಸರಾಸರಿ) ಲೆಕ್ಕಕ್ಕೆ ಯುಸಿ ತೆಗೆದುಕೊಳ್ಳುವುದು 9 ಮುಗಿದ ಬೇಸಿಗೆಯಿಂದ 11 ಮುಗಿದ ಬೇಸಿಗೆಯವರೆಗಿನ ಎ-ಜಿ ಕೋರ್ಸ್‌ಗಳನ್ನು. ಅದು ಸರಿ. ಆದರೆ 9ನೇ ಕ್ಲಾಸಿನ ಇಂಗ್ಲಿಷ್ ಆ 15ರಲ್ಲಿ ಒಂದು. ಅದರಲ್ಲಿ ಡಿ ಬಂದರೆ ಕೋರ್ಸೇ ಹೋಯಿತು. ಅರ್ಜಿಯಲ್ಲಿ 9ರ ಅಂಕ ಬರೆಯಲೇಬೇಕು, ಓದುವವರಿಗೆ ಕಾಣುತ್ತದೆ. ಬೇರೆ ಹಲವು ಕಾಲೇಜುಗಳು ಅದನ್ನು ಜಿಪಿಎಗೂ ಸೇರಿಸುತ್ತವೆ. "9 ಲೆಕ್ಕಕ್ಕಿಲ್ಲ" ಅನ್ನುವ ಮಾತು ಮಕ್ಕಳ ಕಿವಿಗೆ ಬೀಳಬಾರದು.

ಹಾಸನದ ಗಾಳಿ

ಸರಿ, ತಿದ್ದಿಕೊಂಡೆ.

ಕಾಫಿತೋಟ (ಕ್ಯುಪರ್ಟಿನೊ)

ಈ ವಾದದಲ್ಲಿ ನಾನು ಮಲ್ಲಿಗೆಬಳ್ಳಿಯವರ ಯಜಮಾನರ ಕಡೆ. ಇಲ್ಲಿ ಪೈಪೋಟಿ ಹೇಗಿದೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಪಕ್ಕದ ಮನೆ ಹುಡುಗ 12 ಎಪಿ (ಕಾಲೇಜ್ ಮಟ್ಟದ ಕೋರ್ಸ್) ಮಾಡಿದ. 9ನೇ ಕ್ಲಾಸಲ್ಲೇ ಶುರು ಮಾಡಿದ. ಈ ಕಾಲದಲ್ಲಿ ಸೆರಾಮಿಕ್ಸ್ ಅಂತ ಕೂತರೆ ಹಿಂದೆ ಬೀಳುತ್ತಾರೆ. ಕೇಳಲು ಕಷ್ಟ, ಆದರೆ ನಿಜ.

ಎರಡು ಮಕ್ಕಳ ಅಪ್ಪ

ಯುಸಿ ಜಿಪಿಎಗೆ ಹೆಚ್ಚುವರಿ ಪಾಯಿಂಟ್ ಕೊಡುವುದು ಗರಿಷ್ಠ 8 ಸೆಮಿಸ್ಟರ್‌ಗೆ ಮಾತ್ರ. ಅಂದರೆ ವರ್ಷಪೂರ್ತಿಯ 4 ಕೋರ್ಸ್. ಅದರಲ್ಲೂ 10ನೇ ಕ್ಲಾಸಿನದು 4 ಸೆಮಿಸ್ಟರ್ ಮೀರುವಂತಿಲ್ಲ. 9ನೇ ಕ್ಲಾಸಿನ ಎಪಿಗೆ ಪಾಯಿಂಟೇ ಇಲ್ಲ. ಎಷ್ಟು ಕಷ್ಟದ ಕೋರ್ಸ್ ತೆಗೆದುಕೊಂಡಿದ್ದಾರೆ ಎಂದು ನೋಡುತ್ತಾರೆ, ಒಪ್ಪುತ್ತೇನೆ. ಆದರೆ 12 ಎಪಿಯಿಂದ ಮೂರು ಪಟ್ಟು ಜಿಪಿಎ ಬರುತ್ತದೆ ಅಂದುಕೊಂಡಿದ್ದರೆ ಅದು ತಪ್ಪು.

ಇನ್ನೊಂದು. ಶಾಲೆಯವರು "ಆನರ್ಸ್" ಎಂದು ಹೆಸರಿಟ್ಟ ಮಾತ್ರಕ್ಕೆ ಯುಸಿ ಪಾಯಿಂಟ್ ಕೊಡುವುದಿಲ್ಲ. ಯುಸಿಯ ಕೋರ್ಸ್ ಪಟ್ಟಿ ಆನ್‌ಲೈನ್‌ನಲ್ಲಿದೆ. ಶಾಲೆಯ ಹೆಸರು ಹಾಕಿದರೆ ಯಾವ ಕೋರ್ಸ್ ಎ-ಜಿಯಲ್ಲಿ ಎಲ್ಲಿ ಬರುತ್ತದೆ, ಯಾವುದಕ್ಕೆ ಆನರ್ಸ್ ಮಾನ್ಯತೆ ಇದೆ ಎಲ್ಲ ಕಾಣುತ್ತದೆ. 9ನೇ ಕ್ಲಾಸಿನ ಬಯಾಲಜಿ ಆನರ್ಸ್‌ಗೆ ಯುಸಿ ಲೆಕ್ಕದಲ್ಲಿ ಪಾಯಿಂಟ್ ಬರುವುದಿಲ್ಲ. ಮಗಳಿಗೆ ಬಯಾಲಜಿ ಇಷ್ಟ ಇದ್ದರೆ ಮಾಡಲಿ. ಪಾಯಿಂಟಿಗಾಗಿ ಬೇಡ.

ಕಾಫಿತೋಟ

8 ಸೆಮಿಸ್ಟರ್ ಮಿತಿ ಗೊತ್ತಿರಲಿಲ್ಲ. ಆದರೆ ಎಲ್ಲರೂ ಯುಸಿಗೇ ಹೋಗುವುದಿಲ್ಲವಲ್ಲ.

ಡಲ್ಲಾಸ್ ಬೆಣ್ಣೆದೋಸೆ (ಫ್ರಿಸ್ಕೊ)

ಕಾಫಿತೋಟದವರ ಮಾತಿಗೆ ಟೆಕ್ಸಸ್‌ನಿಂದ ಒಂದು ಬೆಂಬಲ. ಇಲ್ಲಿ ಆಟ ಬೇರೆ. ಡಿಪ್ಲೊಮಾಗೆ 22 ಕ್ರೆಡಿಟ್, ಎಂಡಾರ್ಸ್‌ಮೆಂಟ್ (ಆರಿಸಿಕೊಂಡ ಒಂದು ದಾರಿ) ಸೇರಿದರೆ 26. 2013ರ ಕಾನೂನಿನಿಂದ ಬಂದದ್ದು. 9ನೇ ಕ್ಲಾಸಿಗೆ ಸೇರುವಾಗಲೇ ಸ್ಟೆಮ್, ಬಿಸಿನೆಸ್, ಪಬ್ಲಿಕ್ ಸರ್ವೀಸ್, ಕಲೆ-ಮಾನವಿಕ ಅಥವಾ ಎಲ್ಲ ಕಲೆಸಿದ ಒಂದು ದಾರಿ ಆರಿಸಬೇಕು. ಆಮೇಲೆ ಬದಲಾಯಿಸಬಹುದು. ಇಲ್ಲಿ ರ‍್ಯಾಂಕ್ ಮುಖ್ಯ. ಯುಟಿ ಆಸ್ಟಿನ್ (ಟೆಕ್ಸಸ್ ವಿಶ್ವವಿದ್ಯಾಲಯ) 2026ರ ಪ್ರವೇಶದಿಂದ ಶಾಲೆಯ ಮೇಲಿನ ಶೇ. 5ರವರಿಗೆ ಮಾತ್ರ ನೇರ ಸೀಟು ಕೊಡುತ್ತದೆ, ಮೊದಲು ಶೇ. 6 ಇತ್ತು. ಅದಕ್ಕೆ ಡಿಪ್ಲೊಮಾದಲ್ಲಿ ಡಿಸ್ಟಿಂಗ್ವಿಷ್ಡ್ ಎಂಬ ಮೇಲಿನ ಮಟ್ಟ ಬೇಕು, ಅದಕ್ಕೆ ಆಲ್ಜಿಬ್ರಾ 2 ಬೇಕು.

ನನ್ನ ಮಗಳಿಗೆ ಆರ್ಕೆಸ್ಟ್ರಾ ಪ್ರಾಣ. ಆರ್ಕೆಸ್ಟ್ರಾಗೆ ತೂಕದ ಅಂಕ (ಕಷ್ಟದ ಕೋರ್ಸಿಗೆ ಕೊಡುವ ಹೆಚ್ಚುವರಿ ಅಂಕ) ಇಲ್ಲ. ನಾಲ್ಕು ವರ್ಷ ನುಡಿಸಿದರೆ ರ‍್ಯಾಂಕ್ ಕೆಳಗೆ ಬರುತ್ತದೆ. ಅದು ಗೊತ್ತಿದ್ದೂ ಬಿಡಲಿಲ್ಲ. ನೇರ ಸೀಟಿನ ಮಿತಿಯೊಳಗೆ ಬರಲಿಲ್ಲ. ಈಗ ಬೇರೆ ಕಾಲೇಜಿನಲ್ಲಿ ಓದುತ್ತಾಳೆ, ಅಲ್ಲೂ ಪಿಟೀಲು ನುಡಿಸುತ್ತಾಳೆ. ನನಗೆ ಒಂದು ವರ್ಷ ಸಂಕಟ ಆಯಿತು. ಅವಳಿಗೆ ಒಂದು ದಿನವೂ ಆಗಲಿಲ್ಲ.

ಕಾಫಿತೋಟ

ಇದು ನನಗೆ ಬೆಂಬಲವೋ ವಿರೋಧವೋ ಗೊತ್ತಾಗಲಿಲ್ಲ. ಆದರೆ ಓದಿ ಖುಷಿ ಆಯಿತು.

ಎಡಿಸನ್ ಇಡ್ಲಿ (ನ್ಯೂಜೆರ್ಸಿ)

ನಮ್ಮಲ್ಲಿ 120 ಕ್ರೆಡಿಟ್. ಪಿಇ ಮತ್ತು ಹೆಲ್ತ್ ನಾಲ್ಕೂ ವರ್ಷ! ನೀವು ಎರಡು ವರ್ಷಕ್ಕೇ ಅಳುತ್ತಿದ್ದೀರಿ. ಅರ್ಧ ವರ್ಷ ಹಣಕಾಸಿನ ಪಾಠವೂ ಕಡ್ಡಾಯ. ಅದು ಒಳ್ಳೆಯದು, ನನ್ನ ಮಗ ಈಗ ನನ್ನ ಕ್ರೆಡಿಟ್ ಕಾರ್ಡ್ ಬಿಲ್ ನೋಡಿ ಬುದ್ಧಿ ಹೇಳುತ್ತಾನೆ.

ಟೀಚರಮ್ಮ

ಆ ಹಣಕಾಸಿನ ಪಾಠ ಇಲ್ಲಿಗೂ ಬರುತ್ತಿದೆ. 2024ರಲ್ಲಿ ಕಾನೂನಾಯಿತು. 2027-28ರೊಳಗೆ ಎಲ್ಲ ಹೈಸ್ಕೂಲ್‌ಗಳೂ ಅದನ್ನು ಇಡಬೇಕು. 2030-31ರಲ್ಲಿ ಗ್ರ್ಯಾಜುಯೇಟ್ ಆಗುವವರಿಂದ ಕಡ್ಡಾಯ. ಚಿಕ್ಕ ಮಕ್ಕಳಿರುವವರು ಇದನ್ನು ನೋಡಿಕೊಳ್ಳಿ. ಅಕ್ಕನ ಹಾಳೆಯನ್ನೇ ತಮ್ಮನಿಗೆ ನಕಲು ಮಾಡಿದರೆ ನಡೆಯುವುದಿಲ್ಲ. ಮಗು 9ಕ್ಕೆ ಸೇರುವ ವರ್ಷ ನೋಡಬೇಡಿ, ಹೊರಬರುವ ವರ್ಷ ನೋಡಿ.

ಮಳೆಗಾಲ (ರೆಡ್‌ಮಂಡ್)

ಭಾಷೆ ಬಗ್ಗೆ ಯಾರೂ ಮಾತಾಡಿಲ್ಲ. ಎಲ್ಲರೂ ಯಾಕೆ ಸ್ಪ್ಯಾನಿಷ್ ಸ್ಪ್ಯಾನಿಷ್ ಅನ್ನುತ್ತೀರಿ? ವಾಷಿಂಗ್ಟನ್ ರಾಜ್ಯದಲ್ಲಿ ಒಟ್ಟು 24 ಕ್ರೆಡಿಟ್ ಬೇಕು. ಭಾಷಾ ಪರೀಕ್ಷೆ ಬರೆದು ಮಟ್ಟ ತೋರಿಸಿದರೆ 4 ಕ್ರೆಡಿಟ್‌ವರೆಗೆ ಕೊಡುತ್ತಾರೆ. ನನ್ನ ಮಗ ಕನ್ನಡದಲ್ಲೇ ಪರೀಕ್ಷೆ ಬರೆದ. ಮಾತಾಡುವ ಭಾಗ ಸಲೀಸಾಗಿ ಆಯಿತು, ಅಜ್ಜಿ ಜೊತೆ ದಿನಾ ವಿಡಿಯೊ ಕಾಲ್ ಮಾಡುತ್ತಾನಲ್ಲ. ಬರೆಯುವ ಭಾಗ ಮಾತ್ರ ಕಷ್ಟ. ಒತ್ತಕ್ಷರ ಅವನ ಶತ್ರು. "ರಾಷ್ಟ್ರ" ಬರೆಯಲು ಮೂರು ವಾರ ಕಲಿತ. ಕೊನೆಗೆ 3 ಕ್ರೆಡಿಟ್ ಬಂತು. ಖಾಲಿಯಾದ ಜಾಗದಲ್ಲಿ ಮರಗೆಲಸದ ಕ್ಲಾಸ್ ಸೇರಿದ. ಈಗ ಮನೆಯಲ್ಲಿ ಅವನು ಮಾಡಿದ ಮಣೆ ಇದೆ, ಅದರ ಮೇಲೆ ಕೂತೇ ಊಟ.

ಹಾಸನದ ಗಾಳಿ

ಅಯ್ಯೋ, ಎಷ್ಟು ಚೆನ್ನಾಗಿದೆ! ಕ್ಯಾಲಿಫೋರ್ನಿಯಾದಲ್ಲೂ ಹೀಗೆ ಆಗುತ್ತಾ?

ಧಾರವಾಡ ಪೇಡೆ

ಆಗುತ್ತದೆ, ಆದರೆ ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ನಾನು ಎಂಟು ವರ್ಷದಿಂದ ವಾರಾಂತ್ಯದ ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಕೆಲವು ಜಿಲ್ಲೆಗಳು ಹೊರಗೆ ಕಲಿತ ಭಾಷೆಗೆ ಕ್ರೆಡಿಟ್ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಮೊದಲೇ ಕೌನ್ಸೆಲರ್ ಹತ್ತಿರ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಮಾತಿನ ಒಪ್ಪಿಗೆಗೆ ಬೆಲೆ ಇಲ್ಲ. ಕೌನ್ಸೆಲರ್ ಬದಲಾಗಿ ಹೋಗುತ್ತಾರೆ, ಮುಂದೆ ಬಂದವರಿಗೆ ಗೊತ್ತೇ ಇರುವುದಿಲ್ಲ.

ಇದಲ್ಲದೆ ಡಿಪ್ಲೊಮಾ ಮೇಲೆ ದ್ವಿಭಾಷಾ ಮುದ್ರೆ ಕೊಡುತ್ತಾರೆ. ಇದನ್ನು ಮೊದಲು ಶುರು ಮಾಡಿದ್ದೇ ಕ್ಯಾಲಿಫೋರ್ನಿಯಾ, 2012ರಿಂದ ಇದೆ. ಕಳೆದ ವರ್ಷ ನಮ್ಮ ಕ್ಲಾಸಿನ ಒಬ್ಬ ಹುಡುಗಿಗೆ ಕನ್ನಡಕ್ಕೆ ಆ ಮುದ್ರೆ ಬಂತು. ಅವಳ ತಾತ ಶಿವಮೊಗ್ಗದಿಂದ ಫೋನ್ ಮಾಡಿ ಅತ್ತರು. ಪಾಠ ಮಾಡಿದ ನನಗೂ ಗಂಟಲು ಕಟ್ಟಿತು.

ಕಾಫಿತೋಟ

ಭಾವನೆ ಸರಿ. ಆದರೆ ಸ್ಪ್ಯಾನಿಷ್ ಈ ರಾಜ್ಯದಲ್ಲಿ ದಿನಾ ಬೇಕಾಗುವ ಭಾಷೆ. ಡಾಕ್ಟರ್ ಆದರೂ ಬೇಕು, ಮೇಷ್ಟ್ರಾದರೂ ಬೇಕು. ಕನ್ನಡ ಮನೆಯಲ್ಲಿ ಹೇಗೂ ಬರುತ್ತದೆ. ಶಾಲೆಯಲ್ಲಿ ಮೂರನೆಯ ಭಾಷೆ ಕಲಿಯಲಿ.

ಮಳೆಗಾಲ

"ಮನೆಯಲ್ಲಿ ಹೇಗೂ ಬರುತ್ತದೆ" ಅಂತ ಬಿಟ್ಟ ಮಕ್ಕಳು ಎಷ್ಟು ಜನ ಓದಲು ಬರೆಯಲು ಕಲಿತಿದ್ದಾರೆ ಹೇಳಿ. ಕ್ರೆಡಿಟ್ ಸಿಗುತ್ತೆ ಅಂದಿದ್ದಕ್ಕೇ ನನ್ನ ಮಗ ಪೆನ್ಸಿಲ್ ಹಿಡಿದಿದ್ದು.

ಕಾಫಿತೋಟ

ಈ ಮಾತು ಒಪ್ಪಿದೆ. ನನ್ನ ಮಗಳಿಗೆ ಕನ್ನಡದಲ್ಲಿ ಅವಳ ಹೆಸರು ಬಿಟ್ಟು ಬೇರೆ ಬರೆಯಲು ಬರುವುದಿಲ್ಲ.

ಗೊರೂರು ಹೊಳೆ (ಮಿಲ್ಪಿಟಾಸ್)

ಭಾಷೆ ವಿಷಯ ಬಂತಲ್ಲ, ಊರಿಂದ ದೊಡ್ಡ ಮಕ್ಕಳನ್ನು ಕರೆತರುವವರಿಗೆ ಇದು ಉಪಯೋಗ. ನನ್ನ ಅಕ್ಕನ ಮಗ 7ನೇ ಕ್ಲಾಸ್‌ವರೆಗೆ ಹಾಸನ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಇಲ್ಲಿ 8ಕ್ಕೆ ಸೇರಿದ. ಎಲ್ಲರೂ ಸ್ಪ್ಯಾನಿಷ್ ಎರಡು ವರ್ಷ ಮಾಡಲೇಬೇಕು ಎಂದರು. ಆಮೇಲೆ ಗೊತ್ತಾಯಿತು: ಇಂಗ್ಲಿಷ್ ಅಲ್ಲದ ಮಾಧ್ಯಮದಲ್ಲಿ 6ನೇ ಕ್ಲಾಸ್ ಅಥವಾ ಅದರ ಮೇಲೆ ಎರಡು ವರ್ಷ ಓದಿದ್ದರೆ ಯುಸಿಯ ಭಾಷೆಯ ಷರತ್ತು ಅಲ್ಲೇ ಮುಗಿಯಿತು. 6 ಮತ್ತು 7 ಅವನು ಕನ್ನಡದಲ್ಲೇ ಓದಿದ್ದ. ಊರಿನ ಹೆಡ್‌ಮಾಸ್ತರರ ಹತ್ತಿರ ಮಾಧ್ಯಮ ಬರೆದ ಪತ್ರ ಮತ್ತು ಅಂಕಪಟ್ಟಿ ತರಿಸಿ ಶಾಲೆಗೆ ಕೊಟ್ಟೆವು. ಕನ್ನಡ ಶಾಲೆಯಲ್ಲಿ ಓದಿಸಿ ಹಿಂದೆ ಬಿದ್ದೆವಾ ಎಂದು ಕೊರಗುತ್ತಿದ್ದ ನನ್ನ ಅಕ್ಕನಿಗೆ ಆ ದಿನ ಎಷ್ಟು ನೆಮ್ಮದಿ ಆಯಿತು ಗೊತ್ತಾ?

ಟೀಚರಮ್ಮ

ಇದು ನೂರಕ್ಕೆ ನೂರು ಸರಿ. ಬಹಳ ಕೌನ್ಸೆಲರ್‌ಗಳಿಗೂ ತಕ್ಷಣ ನೆನಪಿಗೆ ಬರುವುದಿಲ್ಲ. ನೀವೇ ಕೇಳಬೇಕು.

ಮೈಸೂರು ಮೇಷ್ಟ್ರು (ಮೈಸೂರು)

ನಾನು ನಿವೃತ್ತ ಪಿಯು ಉಪನ್ಯಾಸಕ, ಮಗಳ ಮನೆಗೆ ಆಗಾಗ ಬರುತ್ತೇನೆ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಆದ ಮೇಲೆ ಒಂದೇ ಪ್ರಶ್ನೆ: ಸೈನ್ಸಾ, ಕಾಮರ್ಸಾ, ಆರ್ಟ್ಸಾ? ಎರಡು ಭಾಷೆ, ನಾಲ್ಕು ವಿಷಯ, 600 ಅಂಕ, ಮುಗಿಯಿತು. ಪಿಸಿಎಂಬಿ ತೆಗೆದುಕೊಂಡ ಹುಡುಗ ಇತಿಹಾಸವನ್ನು ಮತ್ತೆ ಮುಟ್ಟುವುದಿಲ್ಲ. ನಿಮ್ಮಲ್ಲಿ 17 ವರ್ಷದವರೆಗೆ ಬಾಗಿಲು ತೆರೆದೇ ಇರುತ್ತದೆ. ನನಗೆ ಅದು ದೊಡ್ಡ ಭಾಗ್ಯವಾಗಿ ಕಾಣುತ್ತದೆ.

ವಾಪಸ್ ಬರುವ ಯೋಚನೆ ಇರುವವರಿಗೆ ಒಂದು ಮಾತು. ಅಮೆರಿಕದ ಡಿಪ್ಲೊಮಾ ತಂದರೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ಸಮಾನತೆ ಪತ್ರ ಬೇಕು. ವೈದ್ಯಕೀಯ ಅಂದರೆ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಬೇಕು, ಇಂಗ್ಲಿಷ್ ಬೇಕು. ಅಲ್ಲಿ ಎರಡು ವಿಜ್ಞಾನಕ್ಕೇ ಡಿಪ್ಲೊಮಾ ಸಿಗುತ್ತದೆ ಎಂದು ಫಿಸಿಕ್ಸ್ ಬಿಟ್ಟರೆ ಇಲ್ಲಿ ದಾರಿ ಮುಚ್ಚುತ್ತದೆ. ಸಿಇಟಿಯಲ್ಲಿ ಸಾಮಾನ್ಯವಾಗಿ ಕರ್ನಾಟಕದಲ್ಲಿ 7 ವರ್ಷ ಓದಿರಬೇಕು ಎಂಬ ಷರತ್ತೂ ಇದೆ. 9ನೇ ಕ್ಲಾಸಲ್ಲೇ ಯೋಚಿಸಿ.

ಎಡಿಸನ್ ಇಡ್ಲಿ

ಮೇಷ್ಟ್ರೇ, ನೀವು ಯಾವ ಕಾಲೇಜಲ್ಲಿ ಪಾಠ ಮಾಡುತ್ತಿದ್ದಿರಿ? ನಾನೂ ಮೈಸೂರಿನಲ್ಲೇ ಪಿಯು ಓದಿದ್ದು. ನಿಮ್ಮ ಕ್ಲಾಸಿನಲ್ಲಿ ಕೂತಿದ್ದೆನೋ ಏನೋ!

ಮೈಸೂರು ಮೇಷ್ಟ್ರು

ಇಲ್ಲಿ ಬೇಡಪ್ಪ, ಮೆಸೇಜ್ ಮಾಡು. ಕೊನೆ ಬೆಂಚಿನವರನ್ನೂ ನೆನಪಿಟ್ಟುಕೊಂಡಿದ್ದೇನೆ.

ಚಕ್ರ (ಯುಸಿ ಇರ್ವೈನ್, ಎರಡನೇ ವರ್ಷ)

ಅಮ್ಮ ಈ ಚರ್ಚೆ ಕಳಿಸಿದರು. ನಾನು 9ನೇ ಕ್ಲಾಸಲ್ಲಿ ಸೆರಾಮಿಕ್ಸ್ ಮಾಡಿದವಳು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಹೇಳಿ.

ಮೊದಲನೆಯದಾಗಿ, ವರ್ಷಪೂರ್ತಿ ಸೆರಾಮಿಕ್ಸ್ ಅನ್ನುವುದು ಎ-ಜಿಯ ಎಫ್, ಅಂದರೆ ಕಲೆಯ ಗುಂಪು. ಅಂಕಲ್, ಅದು ವೇಸ್ಟ್ ಅಲ್ಲ, ಹೇಗೂ ಒಂದು ವರ್ಷ ಕಲೆ ಮಾಡಲೇಬೇಕು. ಶಾಲೆಯ ಪಟ್ಟಿಯಲ್ಲಿ ಅದಕ್ಕೆ ಎಫ್ ಮಾನ್ಯತೆ ಇದೆಯಾ ಅಂತ ಮಾತ್ರ ನೋಡಿ. 9ರಲ್ಲೇ ಮುಗಿಸಿದರೆ 11 ಮತ್ತು 12 ಖಾಲಿ ಸಿಗುತ್ತದೆ. ನನ್ನ ಫ್ರೆಂಡ್ಸ್ ತುಂಬಾ ಜನ ಕಲೆಯನ್ನು 12ಕ್ಕೆ ಮುಂದೂಡಿದರು. ಆಗ ಅವರಿಗೆ ಬೇಕಾದ ಎಪಿ ಮತ್ತು ಕಲೆ ಒಂದೇ ಪೀರಿಯಡ್‌ಗೆ ಬಂದವು.

ಎರಡನೆಯದಾಗಿ, 11ನೇ ಕ್ಲಾಸನ್ನು ಹಗುರ ಇಡಿ. ನಾನು ಆ ವರ್ಷ ಎಪಿ ಅಮೆರಿಕನ್ ಇತಿಹಾಸ, ಎಪಿ ಕೆಮಿಸ್ಟ್ರಿ, ಎಪಿ ಇಂಗ್ಲಿಷ್, ಪ್ರಿಕ್ಯಾಲ್ಕುಲಸ್ ಎಲ್ಲ ಒಟ್ಟಿಗೆ ಹಾಕಿಕೊಂಡೆ. ಮೇ ತಿಂಗಳಲ್ಲಿ ಮೂರು ಎಪಿ ಪರೀಕ್ಷೆ. ಮಾರ್ಚ್ ಹೊತ್ತಿಗೆ ರಾತ್ರಿ ಎರಡು ಗಂಟೆಗೆ ಮಲಗುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಕೂದಲು ಉದುರಿತು. ಅಪ್ಪ ಅಮ್ಮ ಬೈಯಲಿಲ್ಲ, ನಾನೇ ಆರಿಸಿಕೊಂಡಿದ್ದು. ಎಲ್ಲರೂ ಮಾಡುತ್ತಾರೆ ಅಂತ ಮಾಡಿದೆ. ಆ ವರ್ಷ ನನ್ನನ್ನು ಉಳಿಸಿದ್ದು ಊಟದ ಬಿಡುವಿನಲ್ಲಿ ಸೆರಾಮಿಕ್ಸ್ ಕೋಣೆ. ಟೀಚರ್ ಬಾಗಿಲು ತೆರೆದಿಡುತ್ತಿದ್ದರು. ಮಣ್ಣು ಹಿಡಿದರೆ ಕೈ ನಡುಗುವುದು ನಿಲ್ಲುತ್ತಿತ್ತು.

ಆಂಟಿ, ನಿಮ್ಮ ಮಗಳಿಗೆ ಸೆರಾಮಿಕ್ಸ್ ಕೊಡಿ.

ಮಲ್ಲಿಗೆಬಳ್ಳಿ

ಮಗು, ನಿನ್ನ ಕನ್ನಡದಲ್ಲಿ ಒಂದೂ ತಪ್ಪಿಲ್ಲ. ಇದನ್ನು ನಮ್ಮವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಏನೂ ಮಾತಾಡದೆ ಎದ್ದು ಮೇಲೆ ಹೋದರು.

ಕಾಫಿತೋಟ

ನನ್ನ ಮಗಳು ಈಗ 11ನೇ ಕ್ಲಾಸ್. ಇವತ್ತು ರಾತ್ರಿ ಅವಳ ಜೊತೆ ಕೂತು ಮಾತಾಡುತ್ತೇನೆ.

ಎರಡು ಮಕ್ಕಳ ಅಪ್ಪ

ಮಲ್ಲಿಗೆಬಳ್ಳಿಯವರೇ, ಮಗಳು ಈಗ 8ರಲ್ಲಿ ಆಲ್ಜಿಬ್ರಾ 1 ಮಾಡುತ್ತಿದ್ದಾಳೆ ಅಂದುಕೊಂಡಿದ್ದೇನೆ. ಯುಸಿ ಅದನ್ನು ಗಣಿತದ ಒಂದು ವರ್ಷ ಎಂದು ಒಪ್ಪುತ್ತದೆ, ಜಿಪಿಎಗೆ ಸೇರಿಸುವುದಿಲ್ಲ. ಹೈಸ್ಕೂಲಲ್ಲಿ ಎರಡು ವರ್ಷ ಗಣಿತ ರಾಜ್ಯಕ್ಕಾಗಿ ಮಾಡಲೇಬೇಕು. ಈಗ ಮನೆ ಎಣಿಸೋಣ. ಇಂಗ್ಲಿಷ್ 4, ಸಮಾಜ 3, ಗಣಿತ 4, ವಿಜ್ಞಾನ 3, ಭಾಷೆ 3, ಪಿಇ 2, ಕಲೆ 1. ಒಟ್ಟು 20. ಹೆಲ್ತ್ ಅರ್ಧ. ಆಮೇಲೂ ಮೂರೂವರೆ ಮನೆ ಖಾಲಿ. ಕಂಪ್ಯೂಟರ್ ಸೈನ್ಸ್ ಅಲ್ಲಿ ಆರಾಮಾಗಿ ಕೂರುತ್ತದೆ, 10ರಲ್ಲೋ 11ರಲ್ಲೋ. ನಿಮ್ಮ ಮನೆಯಲ್ಲಿ ಜಗಳವೇ ಬೇಕಿರಲಿಲ್ಲ!

ಟೀಚರಮ್ಮ

ಒಂದು ಸೇರ್ಪಡೆ. ಜಿಯೊಮೆಟ್ರಿಯನ್ನು ಬೇಸಿಗೆಯ ಐದಾರು ವಾರದಲ್ಲಿ ಮುಗಿಸಿ 9ಕ್ಕೇ ಆಲ್ಜಿಬ್ರಾ 2ಗೆ ಹಾರಿಸುವ ಚಾಳಿ ಇದೆ. ಬೇಡ. ಹಾಗೆ ಬಂದ ಮಕ್ಕಳು ನನ್ನ ಕ್ಲಾಸಿನಲ್ಲಿ ಅಕ್ಟೋಬರ್‌ನಲ್ಲಿ ಕುಸಿಯುತ್ತಾರೆ. ಸೂತ್ರ ಗೊತ್ತಿರುತ್ತದೆ, ಯಾಕೆ ಅಂತ ಗೊತ್ತಿರುವುದಿಲ್ಲ. ಬೇಸಿಗೆಯಲ್ಲಿ ಮಾಡಲೇಬೇಕು ಅಂದರೆ ಹೆಲ್ತ್ ಮಾಡಿ.

ಗೊರೂರು ಹೊಳೆ

ಹೈಸ್ಕೂಲ್‌ನಲ್ಲಿದ್ದಾಗಲೇ ಕಮ್ಯೂನಿಟಿ ಕಾಲೇಜಿನಲ್ಲೂ ಕೋರ್ಸ್ ಮಾಡಬಹುದು, ಮರೆಯಬೇಡಿ. ಒಂದು ಸೆಮಿಸ್ಟರಿನ ಟ್ರಾನ್ಸ್‌ಫರ್ ಆಗುವ ಕಾಲೇಜ್ ಕೋರ್ಸ್ ಎ-ಜಿಯಲ್ಲಿ ಒಂದು ವರ್ಷಕ್ಕೆ ಸಮ. ಶಾಲೆ ಸಹಿ ಹಾಕಬೇಕು. ಆದರೆ ಆ ಗ್ರೇಡ್ ಕಾಲೇಜ್ ದಾಖಲೆಯಲ್ಲಿ ಶಾಶ್ವತ, ಸುಮ್ನೆ ಸೇರಿಸಬೇಡಿ.

ಮಲ್ಲಿಗೆಬಳ್ಳಿ

ಎಲ್ಲರಿಗೂ ತಿಳಿಸೋಣ ಅಂತ ಬಂದೆ. ಇವತ್ತು ಹಾಳೆ ಕೊಟ್ಟೆವು. ಇಂಗ್ಲಿಷ್, ಜಿಯೊಮೆಟ್ರಿ, ಬಯಾಲಜಿ (ಆನರ್ಸ್ ಅಲ್ಲ), ಸ್ಪ್ಯಾನಿಷ್, ಪಿಇ, ಸೆರಾಮಿಕ್ಸ್. ನಮ್ಮವರು ಪೆನ್ನಿನಲ್ಲಿ ಬರೆದಿದ್ದ ಹಾಳೆ ಬಿಟ್ಟು ಹೊಸ ಹಾಳೆ ತೆಗೆದು ಪೆನ್ಸಿಲ್ ಅವಳ ಕೈಗೇ ಕೊಟ್ಟರು. ಕನ್ನಡಕ್ಕೆ ಕ್ರೆಡಿಟ್ ಕೊಡುತ್ತೀರಾ ಎಂದು ಕೌನ್ಸೆಲರ್‌ಗೆ ಇಮೇಲ್ ಹಾಕಿದ್ದೇನೆ. ಉತ್ತರ ಬಂದರೆ ಸ್ಪ್ಯಾನಿಷ್ ಜಾಗ ಬದಲಾಗಬಹುದು.

ಮಗ ಡೇವಿಸ್‌ನಿಂದ ವಿಡಿಯೊ ಕಾಲ್‌ನಲ್ಲಿ 4 ವರ್ಷದ ಹಾಳೆ ತೋರಿಸು ಎಂದ. ಒಂದೊಂದು ಮನೆಯನ್ನೂ ನೋಡಿದ. ಆಮೇಲೆ ತಂಗಿಗೆ ಪ್ರತಿ ಮನೆಯ ಪಕ್ಕ "ಸಿ ಅಥವಾ ಮೇಲೆ" ಎಂದು ಬರೆಸಿದ, 24 ಸಲ.

ಹಾಸನದ ಗಾಳಿ

ಇದನ್ನು ಓದಿ ಕಣ್ಣು ತುಂಬಿತು. ಅಂದಹಾಗೆ ಬೇಸಿಗೆಯ ಹೆಲ್ತ್ ಕೋರ್ಸಿಗೆ ಹೆಸರು ಕೊಡುವುದು ಯಾವಾಗ? ನಮ್ಮ ಮಗನಿಗೂ ಬೇಕಿತ್ತು.

ಟೀಚರಮ್ಮ

ಜಿಲ್ಲೆ ನೋಡಿ. ನಮ್ಮಲ್ಲಿ ಮಾರ್ಚ್‌ನಲ್ಲಿ ತೆರೆಯುತ್ತದೆ, ಎರಡೇ ದಿನಕ್ಕೆ ತುಂಬುತ್ತದೆ. ಬೆಳಗ್ಗೆ ಬೇಗ ಎದ್ದು ಕೂತಿರಿ.